ಸೆಲ್ಸಿಯಸ್, ಫ್ಯಾರನ್‌ಹೀಟ್, ಕೆಲ್ವಿನ್: ಒಂದರಿಂದ ಇನ್ನೊಂದಕ್ಕೆ ಹೋಗುವುದು ಹೇಗೆ, ಎಡವುವುದು ಎಲ್ಲಿ

98.6 ಎಂದರೆ ಸೆಲ್ಸಿಯಸ್‌ನಲ್ಲಿ ಎಷ್ಟು? ಓವನ್ನನ್ನು 350ಕ್ಕೆ ಇಡಿ ಎಂದು ಪುಸ್ತಕ ಹೇಳುತ್ತದೆ, ನನ್ನ ಓವನ್ 250ಕ್ಕೇ ನಿಲ್ಲುತ್ತದಲ್ಲ? ಜ್ವರ ಎರಡು ಡಿಗ್ರಿ ಇಳಿದಿದೆ ಎಂದರು, ಯಾವ ಎರಡು ಡಿಗ್ರಿ? ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಒಂದೊಂದಕ್ಕೂ ಒಂದು ಅಂಕಿಯನ್ನು ಉತ್ತರವಾಗಿ ಕೊಟ್ಟು ಸುಮ್ಮನಾಗಬಹುದು. ಆದರೆ ನಾಳೆ ಬೇರೊಂದು ಅಂಕಿ ಎದುರಾದಾಗ ಗೊಂದಲ ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತದೆ. ಹಾಗಾಗಿ ಲೆಕ್ಕದ ಬುಡದಿಂದಲೇ ಹೊರಡೋಣ.

ಮೊಬೈಲ್ ಇರುವಾಗ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಮೊಬೈಲ್ ನೀವು ಕೊಟ್ಟ ಅಂಕಿಯನ್ನು ತಪ್ಪಿಲ್ಲದೆ ಬದಲಿಸಿಕೊಡುತ್ತದೆ, ನಿಜ. ಆದರೆ ಆ ಅಂಕಿ ಒಂದು ವಸ್ತುವಿನ ತಾಪಮಾನವೋ ಅಥವಾ ಎರಡು ತಾಪಮಾನಗಳ ನಡುವಿನ ಅಂತರವೋ ಎಂಬುದು ಅದಕ್ಕೆ ತಿಳಿಯದು. ಈ ಎರಡನ್ನೂ ಬದಲಿಸುವ ಲೆಕ್ಕ ಬೇರೆ ಬೇರೆ. ನಾನು ಕಂಡಂತೆ ಹೆಚ್ಚಿನವರು ಎಡವುವುದು ಅಲ್ಲಿಯೇ. ಆರನೆಯ ಹಂತವನ್ನು ಅದಕ್ಕೆಂದೇ ಮೀಸಲಿಟ್ಟಿದ್ದೇನೆ. ಆತುರವಿದ್ದವರು ಉಳಿದದ್ದನ್ನು ಬಿಟ್ಟರೂ ಅದನ್ನು ಬಿಡಬೇಡಿ.

ಬೇಕಾದ ಸಾಮಗ್ರಿ ಬಹಳ ಕಡಿಮೆ. ಒಂದು ಹಾಳೆ, ಒಂದು ಪೆನ್ಸಿಲ್ ಮತ್ತು ನೆನಪಿನಲ್ಲಿಡಲು ಎರಡು ಸಂಖ್ಯೆಗಳು: 32 ಮತ್ತು 1.8. ಕೆಲ್ವಿನ್ ಕೂಡ ಬೇಕಾದರೆ ಮೂರನೆಯದಾಗಿ 273.15 ಸೇರಿಸಿಕೊಳ್ಳಿ.

1. ಸೊನ್ನೆ ಎಲ್ಲಿದೆ, ಒಂದು ಡಿಗ್ರಿ ಎಷ್ಟು ದೊಡ್ಡದು ಎಂದು ಮೊದಲು ತಿಳಿಯಿರಿ

ತಾಪಮಾನದ ಯಾವುದೇ ಅಳತೆಯ ಹಿಂದೆ ಎರಡು ತೀರ್ಮಾನಗಳಿರುತ್ತವೆ. ಸೊನ್ನೆಯನ್ನು ಎಲ್ಲಿ ಇಡಬೇಕು ಎಂಬುದು ಒಂದು. ಒಂದು ಡಿಗ್ರಿ ಎಷ್ಟು ದೊಡ್ಡದಿರಬೇಕು ಎಂಬುದು ಇನ್ನೊಂದು. ಉದ್ದ, ತೂಕಗಳಲ್ಲಿ ಮೊದಲನೆಯ ಪ್ರಶ್ನೆ ಹುಟ್ಟುವುದೇ ಇಲ್ಲ. ಸೊನ್ನೆ ಮೀಟರ್ ಎಂದರೂ ಸೊನ್ನೆ ಅಡಿ ಎಂದರೂ ಒಂದೇ, ಆದ್ದರಿಂದ ಬರೀ ಗುಣಾಕಾರದಲ್ಲಿ ಕೆಲಸ ಮುಗಿಯುತ್ತದೆ. ತಾಪಮಾನದಲ್ಲಿ ಸೊನ್ನೆಗಳೇ ಬೇರೆ ಬೇರೆ ಕಡೆ ಕುಳಿತಿವೆ. ಗುಣಿಸುವುದರ ಜೊತೆಗೆ ಕೂಡಿಸುವ ಅಥವಾ ಕಳೆಯುವ ಕೆಲಸ ಬರುವುದು ಅದಕ್ಕಾಗಿಯೇ.

ಒಂದೇ ಗೋಡೆಗೆ ಒರಗಿಸಿದ ಎರಡು ಏಣಿಗಳನ್ನು ಕಣ್ಣಮುಂದೆ ತಂದುಕೊಳ್ಳಿ. ಒಂದರ ಬುಡ ತಗ್ಗಿನಲ್ಲಿದೆ, ಇನ್ನೊಂದರ ಬುಡ ದಿಣ್ಣೆಯ ಮೇಲಿದೆ. ತಗ್ಗಿನಲ್ಲಿರುವ ಏಣಿಯ ಮೆಟ್ಟಿಲುಗಳು ಒತ್ತೊತ್ತಾಗಿವೆ, ದಿಣ್ಣೆಯ ಮೇಲಿನದರ ಮೆಟ್ಟಿಲುಗಳು ದೂರ ದೂರ. ಗೋಡೆಯ ಮೇಲಿನ ಗುರುತು ಒಂದೇ ಆದರೂ ಅದು ಎಷ್ಟನೆಯ ಮೆಟ್ಟಿಲು ಎಂಬುದಕ್ಕೆ ಎರಡು ಉತ್ತರಗಳು ಬರುತ್ತವೆ. ತಗ್ಗಿನ ಏಣಿ ಫ್ಯಾರನ್‌ಹೀಟ್, ದಿಣ್ಣೆಯದು ಸೆಲ್ಸಿಯಸ್.

ಈ ಸ್ಥಾನಗಳನ್ನು ಹೀಗೆ ಆರಿಸಿದವರು ಯಾರು? ಡಾನ್ಜಿಗ್‌ನಲ್ಲಿ 1686ರಲ್ಲಿ ಹುಟ್ಟಿ, ನೆದರ್ಲೆಂಡ್ಸ್‌ನಲ್ಲಿ ನೆಲೆಸಿ ಥರ್ಮಾಮೀಟರುಗಳನ್ನು ತಯಾರಿಸುತ್ತಿದ್ದ ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್ ತನ್ನ ಅಳತೆಯ ವಿವರವನ್ನು 1724ರಲ್ಲಿ ಪ್ರಕಟಿಸಿದ. ಮಂಜುಗಡ್ಡೆ, ನೀರು ಮತ್ತು ನವಸಾಗರವನ್ನು ಬೆರೆಸಿದಾಗ ಸಿಗುವ ಕಡುತಂಪಿಗೆ ಅವನು ಸೊನ್ನೆ ಎಂದು ಗುರುತು ಹಾಕಿದ. ಬರೀ ನೀರು ಮತ್ತು ಮಂಜುಗಡ್ಡೆಯ ಮಿಶ್ರಣಕ್ಕೆ 32 ಬಂತು. ಮನುಷ್ಯನ ಮೈಬಿಸಿಗೆ ಅವನು ಇಟ್ಟ ಗುರುತು 96. ಮುಂದೆ ನೀರು ಹೆಪ್ಪುಗಟ್ಟುವ ಮತ್ತು ಕುದಿಯುವ ಬಿಂದುಗಳನ್ನೇ ಆಧಾರವಾಗಿಟ್ಟುಕೊಂಡು ಈ ಅಳತೆಯನ್ನು ಬಿಗಿಗೊಳಿಸಿದಾಗ ಮೈಬಿಸಿಯ ಅಂಕಿ ತುಸು ಮೇಲಕ್ಕೆ ಸರಿಯಿತು. ಸ್ವೀಡನ್ನಿನ ಉಪ್ಸಾಲಾದ ಖಗೋಳ ವಿಜ್ಞಾನಿ ಆಂಡರ್ಸ್ ಸೆಲ್ಸಿಯಸ್ ನೂರು ಡಿಗ್ರಿಗಳ ಅಳತೆಯನ್ನು ಮುಂದಿಟ್ಟಿದ್ದು 1742ರಲ್ಲಿ. ಅವನು ಕುದಿಯುವ ನೀರಿಗೆ 0, ಹೆಪ್ಪುಗಟ್ಟುವ ನೀರಿಗೆ 100 ಎಂದು ಇಟ್ಟಿದ್ದ! ಅದನ್ನು ತಿರುಗಿಸಿ ಇಂದಿನ ರೂಪಕ್ಕೆ ತಂದವರು ಬೇರೆಯವರು. ಹಳೆಯ ಪುಸ್ತಕಗಳಲ್ಲಿ ಸೆಂಟಿಗ್ರೇಡ್ ಎಂದಿದ್ದರೆ ಗಾಬರಿ ಬೇಡ. ಅದೂ ಇದೂ ಒಂದೇ, 1948ರಲ್ಲಿ ಸೆಲ್ಸಿಯಸ್ ಎಂಬ ಹೆಸರು ಅಧಿಕೃತವಾಯಿತು.

ಈಗ ಲೆಕ್ಕಕ್ಕೆ ಬೇಕಾದಷ್ಟನ್ನು ಇಷ್ಟರಿಂದಲೇ ಹೆಕ್ಕಿಕೊಳ್ಳಬಹುದು. ನೀರು ಹೆಪ್ಪುಗಟ್ಟುವುದು ಸೆಲ್ಸಿಯಸ್‌ನಲ್ಲಿ 0, ಫ್ಯಾರನ್‌ಹೀಟ್‌ನಲ್ಲಿ 32. ಕುದಿಯುವುದು 100 ಮತ್ತು 212. ಅಂದರೆ ಅದೇ ಅಂತರವನ್ನು ಒಂದು ಅಳತೆ ನೂರು ಭಾಗ ಮಾಡಿದರೆ ಇನ್ನೊಂದು 180 ಭಾಗ ಮಾಡಿದೆ. ಸೆಲ್ಸಿಯಸ್‌ನ ಒಂದು ಡಿಗ್ರಿಯೊಳಗೆ ಫ್ಯಾರನ್‌ಹೀಟ್‌ನ 1.8 ಡಿಗ್ರಿಗಳು ಹಿಡಿಯುತ್ತವೆ. 32 ಬಂದದ್ದು ಸೊನ್ನೆಯ ಸ್ಥಾನದಿಂದ, 1.8 ಬಂದದ್ದು ಡಿಗ್ರಿಯ ಗಾತ್ರದಿಂದ. ಈ ಎರಡರ ಕೆಲಸವನ್ನು ಬೇರೆ ಬೇರೆಯಾಗಿ ಮನಸ್ಸಿನಲ್ಲಿಡಿ, ಮುಂದೆಲ್ಲ ಇದೇ ಕೈ ಹಿಡಿಯುತ್ತದೆ.

ಒಂದು ಎಚ್ಚರಿಕೆ. 100 ಡಿಗ್ರಿಗೆ ನೀರು ಕುದಿಯುವುದು ಸಮುದ್ರ ಮಟ್ಟದ ವಾಯುಒತ್ತಡದಲ್ಲಿ ಮಾತ್ರ. ಎತ್ತರಕ್ಕೆ ಹೋದಂತೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿ ಸೆಲ್ಸಿಯಸ್‌ನಂತೆ, ಕುದಿಯುವ ಬಿಂದು ಇಳಿಯುತ್ತದೆ. ಅಡುಗೆಮನೆಯ ಥರ್ಮಾಮೀಟರ್ ಸರಿಯಿದೆಯೇ ಎಂದು ಕುದಿಯುವ ನೀರಿನಲ್ಲಿ ಅದ್ದಿ ನೋಡಿ, 97 ಬಂತೆಂದು ಅದನ್ನು ಎಸೆಯುವ ಮುನ್ನ ಇದನ್ನು ನೆನೆಯಿರಿ. ಮಂಜುಗಡ್ಡೆಯ ಪರೀಕ್ಷೆ ಹೆಚ್ಚು ನಂಬಿಕೆಗೆ ಅರ್ಹ. ಪುಡಿ ಮಾಡಿದ ಮಂಜುಗಡ್ಡೆಯನ್ನು ಲೋಟದ ತುಂಬ ಹಾಕಿ, ಸಂದುಗಳು ತುಂಬುವಷ್ಟೇ ನೀರು ಸುರಿದು, ಕಲಕಿ, ಕೆಲವು ನಿಮಿಷ ಬಿಡಿ. ಥರ್ಮಾಮೀಟರಿನ ತುದಿ ಲೋಟದ ತಳಕ್ಕೂ ಅಂಚಿಗೂ ತಾಗದಂತೆ ಹಿಡಿದಾಗ 0 ಸೆಲ್ಸಿಯಸ್ ಅಥವಾ 32 ಫ್ಯಾರನ್‌ಹೀಟ್ ತೋರಿಸಬೇಕು. ಜ್ವರದ ಥರ್ಮಾಮೀಟರಿಗೆ ಮಾತ್ರ ಈ ಪರೀಕ್ಷೆ ಬೇಡ. ಅದರ ಅಳತೆ ಅಷ್ಟು ಕೆಳಗೆ ಇಳಿಯುವುದೇ ಇಲ್ಲ.

2. ಸೆಲ್ಸಿಯಸ್‌ನಿಂದ ಫ್ಯಾರನ್‌ಹೀಟ್‌ಗೆ

ಮೊದಲು 1.8ರಿಂದ ಗುಣಿಸಿ, ಆಮೇಲೆ 32 ಕೂಡಿಸಿ.

25 ಡಿಗ್ರಿ ಸೆಲ್ಸಿಯಸ್ ತೆಗೆದುಕೊಳ್ಳಿ. 25 × 1.8 = 45. ಇದಕ್ಕೆ 32 ಕೂಡಿಸಿದರೆ 77 ಡಿಗ್ರಿ ಫ್ಯಾರನ್‌ಹೀಟ್.

ಸೊನ್ನೆಗಿಂತ ಕೆಳಗಿನ ಅಂಕಿಗೂ ಇದೇ ಕ್ರಮ. ಮೈನಸ್ 10 ಸೆಲ್ಸಿಯಸ್ ಇದ್ದರೆ 1.8ರಿಂದ ಗುಣಿಸಿದಾಗ ಮೈನಸ್ 18 ಬರುತ್ತದೆ, 32 ಕೂಡಿಸಿದರೆ 14. ಸೆಲ್ಸಿಯಸ್‌ನಲ್ಲಿ ಮೈನಸ್ ಇದ್ದದ್ದು ಫ್ಯಾರನ್‌ಹೀಟ್‌ನಲ್ಲಿ ಇಲ್ಲವಾಯಿತೆಂದು ಅನುಮಾನ ಪಡಬೇಡಿ. ತಗ್ಗಿನಲ್ಲಿರುವ ಏಣಿಯಲ್ಲಿ ಅದು ಇನ್ನೂ ಸೊನ್ನೆಯ ಮೇಲೆಯೇ ಇದೆ.

ಇಲ್ಲಿ ಆಗುವ ತಪ್ಪು ಎಂದರೆ ಕ್ರಮ ಅದಲುಬದಲಾಗುವುದು. 25ಕ್ಕೆ ಮೊದಲೇ 32 ಕೂಡಿಸಿ 57 ಮಾಡಿ, ಅದನ್ನು 1.8ರಿಂದ ಗುಣಿಸಿದರೆ 102.6 ಬರುತ್ತದೆ. ಹಿತವಾದ ಹವೆ ಸುಡುಬಿಸಿಲಾಗಿಬಿಟ್ಟಿತು. ಕಾರಣ ಸರಳವಾಗಿದೆ: 32 ಎಂಬುದು ಫ್ಯಾರನ್‌ಹೀಟ್ ಡಿಗ್ರಿಗಳ ಎಣಿಕೆ. ಸೆಲ್ಸಿಯಸ್ ಅಂಕಿ ಫ್ಯಾರನ್‌ಹೀಟ್‌ನ ಮೆಟ್ಟಿಲುಗಳಾಗಿ ಬದಲಾಗುವವರೆಗೆ ಅದರೊಂದಿಗೆ 32ನ್ನು ಕೂಡಿಸುವಂತಿಲ್ಲ. ಸೂತ್ರ ಮರೆತು ಹೋದರೂ ಈ ಕಾರಣ ನೆನಪಿದ್ದರೆ ಕ್ರಮವನ್ನು ನೀವೇ ಕಂಡುಕೊಳ್ಳುತ್ತೀರಿ.

3. ಫ್ಯಾರನ್‌ಹೀಟ್‌ನಿಂದ ಸೆಲ್ಸಿಯಸ್‌ಗೆ

ಹೋದ ದಾರಿಯಲ್ಲಿ ಹಿಂದಕ್ಕೆ ಬನ್ನಿ. ಮೊದಲು 32 ಕಳೆಯಿರಿ, ಆಮೇಲೆ 1.8ರಿಂದ ಭಾಗಿಸಿ. ಶಾಲೆಯಲ್ಲಿ 5ರಿಂದ ಗುಣಿಸಿ 9ರಿಂದ ಭಾಗಿಸಿ ಎಂದು ಕಲಿತಿದ್ದರೆ ಅದೂ ಇದೇ.

98.6ರಲ್ಲಿ 32 ಕಳೆದರೆ 66.6. ಅದನ್ನು 1.8ರಿಂದ ಭಾಗಿಸಿದರೆ 37 ಡಿಗ್ರಿ ಸೆಲ್ಸಿಯಸ್.

ಇದನ್ನೇ ಕ್ಯಾಲ್ಕುಲೇಟರಿನಲ್ಲಿ ಒಂದೇ ಉಸಿರಿಗೆ 98.6 − 32 ÷ 1.8 ಎಂದು ಒತ್ತಿ ನೋಡಿ. ಮೊಬೈಲಿನ ಕ್ಯಾಲ್ಕುಲೇಟರ್ ಸಾಮಾನ್ಯವಾಗಿ 80.82 ಎನ್ನುತ್ತದೆ. ಕೆಟ್ಟಿರುವುದು ಯಂತ್ರವಲ್ಲ. ಗಣಿತದ ನಿಯಮದಂತೆ ಅದು ಭಾಗಾಕಾರವನ್ನು ಮೊದಲು ಮಾಡುತ್ತದೆ: 32ನ್ನು 1.8ರಿಂದ ಭಾಗಿಸಿ 17.78 ಪಡೆದು, ಅದನ್ನು 98.6ರಿಂದ ಕಳೆಯುತ್ತದೆ. ಹಳೆಯ ಮಾದರಿಯ ಸಣ್ಣ ಕ್ಯಾಲ್ಕುಲೇಟರುಗಳು ಒತ್ತಿದ ಕ್ರಮದಲ್ಲೇ ಲೆಕ್ಕ ಮಾಡುವುದರಿಂದ ಅವುಗಳಲ್ಲಿ 37 ಎಂದೇ ಬರುತ್ತದೆ. ಯಾವ ಯಂತ್ರ ಹೇಗೆ ನಡೆದುಕೊಳ್ಳುತ್ತದೆಂದು ತಲೆ ಕೆಡಿಸಿಕೊಳ್ಳುವ ಬದಲು, 32 ಕಳೆದ ಕೂಡಲೇ ಸಮ ಚಿಹ್ನೆಯನ್ನು ಒಂದು ಸಲ ಒತ್ತಿ, ಬಂದ ಉತ್ತರವನ್ನು ಭಾಗಿಸಿ. ಸ್ಪ್ರೆಡ್‌ಶೀಟ್‌ನಲ್ಲಿ ಸೂತ್ರ ಬರೆಯುವವರು ಕಳೆಯುವ ಭಾಗವನ್ನು ಆವರಣದೊಳಗೆ ಹಾಕಿ.

32ಕ್ಕಿಂತ ಚಿಕ್ಕ ಅಂಕಿ ಬಂದಾಗ ಕೆಲವರು ದೊಡ್ಡದರಿಂದ ಚಿಕ್ಕದನ್ನು ಕಳೆದು ಮೈನಸ್ ಚಿಹ್ನೆಯನ್ನೇ ಕೈಬಿಡುತ್ತಾರೆ. 14 ಫ್ಯಾರನ್‌ಹೀಟ್ ಇದ್ದರೆ 14 − 32 ಎಂದರೆ ಮೈನಸ್ 18, 1.8ರಿಂದ ಭಾಗಿಸಿದರೆ ಮೈನಸ್ 10. ಫ್ರೀಜರ್ ವಿಚಾರದಲ್ಲಿ ಈ ಚಿಹ್ನೆಗೆ ಬಹಳ ಬೆಲೆ ಇದೆ. ಫ್ಯಾರನ್‌ಹೀಟ್‌ನ 0 ಎಂಬುದು ಸೆಲ್ಸಿಯಸ್‌ನಲ್ಲಿ ಸುಮಾರು ಮೈನಸ್ 18, ಮನೆಯ ಫ್ರೀಜರ್ ಇರಬೇಕಾದ ತಂಪು ಅದು. ಅದನ್ನು ಸೆಲ್ಸಿಯಸ್‌ನ 0 ಎಂದು ಓದಿಕೊಂಡು ಹಾಗೆ ಇಟ್ಟರೆ ಒಳಗಿನ ಆಹಾರ ತಿಂಗಳುಗಟ್ಟಲೆ ಉಳಿಯುವುದಿಲ್ಲ.

4. ಕ್ರಮ ನೆನಪಾಗದಿದ್ದರೆ ನಲವತ್ತರ ದಾರಿ

ಎರಡು ಅಳತೆಗಳೂ ಒಂದೇ ಅಂಕಿ ತೋರಿಸುವ ಒಂದೇ ಒಂದು ಜಾಗವಿದೆ: ಮೈನಸ್ 40. ಅಲ್ಲಿ ಸೆಲ್ಸಿಯಸ್ ಎಂದರೂ ಫ್ಯಾರನ್‌ಹೀಟ್ ಎಂದರೂ ವ್ಯತ್ಯಾಸವಿಲ್ಲ. ಅಲ್ಲಿಂದ ಎಣಿಸಲು ಶುರು ಮಾಡಿದರೆ ಸೊನ್ನೆಯ ತಕರಾರು ಮಾಯವಾಗಿ ಬರೀ ಡಿಗ್ರಿಯ ಗಾತ್ರ ಉಳಿಯುತ್ತದೆ. ಆದ್ದರಿಂದ ಯಾವ ದಿಕ್ಕಿಗೆ ಹೋಗುವುದಾದರೂ ಸರಿ, ಮೊದಲು 40 ಕೂಡಿಸಿ, ಕೊನೆಗೆ 40 ಕಳೆಯಿರಿ. ನಡುವೆ ಫ್ಯಾರನ್‌ಹೀಟ್‌ಗೆ ಹೋಗುವುದಾದರೆ 1.8ರಿಂದ ಗುಣಿಸಿ, ಸೆಲ್ಸಿಯಸ್‌ಗೆ ಹೋಗುವುದಾದರೆ 1.8ರಿಂದ ಭಾಗಿಸಿ.

20 ಸೆಲ್ಸಿಯಸ್: 60, ಗುಣಿಸಿದರೆ 108, 40 ಕಳೆದರೆ 68 ಫ್ಯಾರನ್‌ಹೀಟ್. 100 ಫ್ಯಾರನ್‌ಹೀಟ್: 140, ಭಾಗಿಸಿದರೆ 77.78, 40 ಕಳೆದರೆ 37.78 ಸೆಲ್ಸಿಯಸ್.

ಮೊದಲು ಕೂಡಿಸಬೇಕೋ ಕಳೆಯಬೇಕೋ ಎಂಬ ಅನುಮಾನವೇ ಇಲ್ಲಿಲ್ಲ. ಮಕ್ಕಳಿಗೆ ಹೇಳಿಕೊಡುವಾಗ ಈ ದಾರಿಯೇ ನನಗೆ ಹೆಚ್ಚು ಇಷ್ಟ.

5. ಬಾಯಿಲೆಕ್ಕ

ಕೈಯಲ್ಲಿ ಏನೂ ಇಲ್ಲದಾಗ ಸೆಲ್ಸಿಯಸ್ ಅಂಕಿಯನ್ನು ಇಮ್ಮಡಿ ಮಾಡಿ, ಬಂದದ್ದರಲ್ಲಿ ಹತ್ತರ ಒಂದು ಭಾಗ ಕಳೆದು, 32 ಕೂಡಿಸಿ. 28 ಇದ್ದರೆ 56, ಅದರಲ್ಲಿ 5.6 ಕಳೆದರೆ 50.4, 32 ಸೇರಿ 82.4. ಇದು ಅಂದಾಜಲ್ಲ, ಕರಾರುವಾಕ್ಕಾದ ಉತ್ತರ. ಇಮ್ಮಡಿಯಲ್ಲಿ ಹತ್ತರ ಒಂದು ಭಾಗ ಕಳೆದರೆ ಉಳಿಯುವುದು 1.8 ಪಟ್ಟೇ ತಾನೆ?

ಫ್ಯಾರನ್‌ಹೀಟ್‌ನಿಂದ ಬರುವಾಗ 32 ಕಳೆದು, ಅರ್ಧ ಮಾಡಿ, ಆ ಅರ್ಧಕ್ಕೆ ಅದರ ಹತ್ತರ ಒಂದು ಭಾಗ ಸೇರಿಸಿ. 86 ಇದ್ದರೆ 54, ಅರ್ಧ 27, ಅದಕ್ಕೆ 2.7 ಸೇರಿ 29.7. ನಿಜವಾದ ಉತ್ತರ 30. ದಿನದ ಹವೆಯ ಮಾತಿಗೆ ಇಷ್ಟು ಸಾಕು. ಇನ್ನೂ ಹತ್ತಿರಕ್ಕೆ ಹೋಗಬೇಕಾದರೆ ನೂರರ ಒಂದು ಭಾಗವನ್ನೂ, ಇಲ್ಲಿ 0.27, ಸೇರಿಸಿ.

"ಇಮ್ಮಡಿ ಮಾಡಿ ಮೂವತ್ತು ಕೂಡಿಸಿ" ಎಂಬ ಸುಲಭಸೂತ್ರವೊಂದು ಎಲ್ಲೆಡೆ ಚಾಲ್ತಿಯಲ್ಲಿದೆ. 10 ಡಿಗ್ರಿಗೆ ಅದು ಸರಿಯಾಗಿ 50 ಕೊಡುತ್ತದೆ. 20ಕ್ಕೆ 70 ಎನ್ನುತ್ತದೆ, ನಿಜಕ್ಕೂ 68. 30ಕ್ಕೆ 90, ನಿಜಕ್ಕೂ 86. ಮೇಲೆ ಹೋದಂತೆ ತಪ್ಪು ಬೆಳೆಯುತ್ತದೆ. ಹವೆಯ ವಿಚಾರಕ್ಕೆ ಪರವಾಗಿಲ್ಲ ಎನ್ನಬಹುದು, ಆದರೆ ದಯವಿಟ್ಟು ಜ್ವರಕ್ಕೆ ಇದನ್ನು ಬಳಸಬೇಡಿ. ಆರೋಗ್ಯವಂತನ 37 ಡಿಗ್ರಿಯನ್ನು ಈ ಸೂತ್ರ 104 ಮಾಡಿ ತೋರಿಸುತ್ತದೆ. ನಿಜವಾದ 104 ಎಂದರೆ 40 ಸೆಲ್ಸಿಯಸ್, ಮೈ ಕಾದು ಕೆಂಡವಾಗುವ ಜ್ವರ.

ಲೆಕ್ಕವೇ ಬೇಡ ಎನ್ನುವವರು ಐದು–ಒಂಬತ್ತರ ಮಗ್ಗಿ ಕಲಿಯಲಿ. ಸೆಲ್ಸಿಯಸ್ ಐದೈದು ಏರಿದಂತೆ ಫ್ಯಾರನ್‌ಹೀಟ್ ಒಂಬತ್ತೊಂಬತ್ತು ಏರುತ್ತದೆ:

0 – 32
5 – 41
10 – 50
15 – 59
20 – 68
25 – 77
30 – 86
35 – 95
40 – 104
45 – 113

ಅಂಕೆ ತಿರುವಿದರೆ ಸಿಗುವ ಎರಡು ಜೋಡಿಗಳೂ ಇವೆ: 16ಕ್ಕೆ ಹೆಚ್ಚುಕಡಿಮೆ 61, 28ಕ್ಕೆ ಹೆಚ್ಚುಕಡಿಮೆ 82. ಒಮ್ಮೆ ಕೇಳಿದರೆ ಮರೆಯುವಂಥವಲ್ಲ.

6. ತಾಪಮಾನವೋ, ತಾಪಮಾನದ ಅಂತರವೋ? ಇಲ್ಲಿ ನಿಂತು ಯೋಚಿಸಿ

ಇಲ್ಲಿಯವರೆಗೆ ಮಾಡಿದ್ದೆಲ್ಲ ಒಂದು ಬಿಂದುವಿನ ತಾಪಮಾನವನ್ನು ಬದಲಿಸುವ ಲೆಕ್ಕ. ಅಂತರವನ್ನು ಬದಲಿಸುವಾಗ 32ಕ್ಕೆ ಕೆಲಸವೇ ಇಲ್ಲ. ಸೊನ್ನೆ ಎಲ್ಲಿದ್ದರೇನು, ಒಂದು ಮೆಟ್ಟಿಲಿನಿಂದ ಇನ್ನೊಂದು ಮೆಟ್ಟಿಲಿಗೆ ಎಷ್ಟು ಎಂದಷ್ಟೇ ನಾವು ಕೇಳುತ್ತಿದ್ದೇವೆ. ಆದ್ದರಿಂದ 1.8ರಿಂದ ಗುಣಿಸಿ ಅಥವಾ ಭಾಗಿಸಿ, ಅಲ್ಲಿಗೆ ನಿಲ್ಲಿಸಿ.

ಭೂಮಿಯ ಸರಾಸರಿ ತಾಪಮಾನದ ಏರಿಕೆಯನ್ನು 1.5 ಡಿಗ್ರಿ ಸೆಲ್ಸಿಯಸ್‌ಗೆ ಮಿತಿಗೊಳಿಸುವ ಪ್ರಯತ್ನ 2015ರ ಪ್ಯಾರಿಸ್ ಒಪ್ಪಂದದಲ್ಲಿದೆ. ಇದನ್ನು ಫ್ಯಾರನ್‌ಹೀಟ್‌ನಲ್ಲಿ ಹೇಳಿದರೆ 2.7 ಡಿಗ್ರಿ. ಆದರೆ 1.5ನ್ನು ಪರಿವರ್ತಕಕ್ಕೆ ಹಾಕಿ ನೋಡಿ, 34.7 ಎಂದು ಬರುತ್ತದೆ. ಭೂಮಿ 34.7 ಡಿಗ್ರಿ ಬಿಸಿಯಾಗುತ್ತದೆ ಎಂದು ಬರೆದರೆ ಓದಿದವರು ಏನೆಂದುಕೊಳ್ಳಬೇಕು? ಯಂತ್ರ ಸುಳ್ಳು ಹೇಳಿಲ್ಲ. 1.5 ಡಿಗ್ರಿ ಸೆಲ್ಸಿಯಸ್ ತಾಪಮಾನದ ನೀರು ಫ್ಯಾರನ್‌ಹೀಟ್‌ನಲ್ಲಿ 34.7 ಡಿಗ್ರಿಯೇ. ನಾವು ಕೇಳಬೇಕಿದ್ದ ಪ್ರಶ್ನೆ ಅದಲ್ಲ.

ಇದೇ ತಪ್ಪು ಅಡುಗೆಮನೆಯಲ್ಲೂ ನುಸುಳುತ್ತದೆ. ಒಳಗೆ ಫ್ಯಾನ್ ಇರುವ ಓವನ್ ಆದರೆ ಸೂಚಿಸಿದ ತಾಪಮಾನಕ್ಕಿಂತ 20 ಡಿಗ್ರಿ ಸೆಲ್ಸಿಯಸ್ ಕಡಿಮೆ ಇಡಬೇಕೆಂಬ ಸಲಹೆ ಸಾಮಾನ್ಯ. ಫ್ಯಾರನ್‌ಹೀಟ್ ಓವನ್ ಇರುವವರು 20ನ್ನು ಪರಿವರ್ತಿಸಿ 68 ಎಂದು ಓದಿ, 350ರಿಂದ 68 ಕಳೆದು 282ಕ್ಕೆ ಇಟ್ಟರೆ ಒಳಗಿಟ್ಟದ್ದು ಬೇಯುವುದಿಲ್ಲ. ಕಳೆಯಬೇಕಾದದ್ದು 36.

ಉಪಕರಣಗಳ ಮೇಲೆ ಬರೆದಿರುವ ನಿಖರತೆಯ ಅಂಕಿಗೂ ಈ ಮಾತು ಅನ್ವಯಿಸುತ್ತದೆ. ±0.5 ಡಿಗ್ರಿ ಸೆಲ್ಸಿಯಸ್ ಎಂದಿದ್ದರೆ ಅದು ±0.9 ಡಿಗ್ರಿ ಫ್ಯಾರನ್‌ಹೀಟ್.

ಜ್ವರಕ್ಕೆ ಬನ್ನಿ. ರಾತ್ರಿ 104 ಇದ್ದದ್ದು ಬೆಳಿಗ್ಗೆ 102ಕ್ಕೆ ಬಂದರೆ ಫ್ಯಾರನ್‌ಹೀಟ್‌ನಲ್ಲಿ 2 ಡಿಗ್ರಿ ಇಳಿದಂತಾಯಿತು; ಸೆಲ್ಸಿಯಸ್‌ನಲ್ಲಿ ಅದು 1.1 ಮಾತ್ರ. ಸೆಲ್ಸಿಯಸ್‌ನಲ್ಲಿ 40ರಿಂದ 38ಕ್ಕೆ ಬಂದರೆ ಫ್ಯಾರನ್‌ಹೀಟ್‌ನಲ್ಲಿ 3.6 ಡಿಗ್ರಿ ಇಳಿದ ಹಾಗೆ. ಬರೀ "ಎರಡು ಡಿಗ್ರಿ ಇಳಿದಿದೆ" ಎಂದರೆ ಕೇಳುವವರಿಗೆ ಈ ಎರಡರಲ್ಲಿ ಯಾವುದೆಂದು ತಿಳಿಯುವುದಿಲ್ಲ. ಇಳಿಕೆಯನ್ನು ಹೇಳುವ ಬದಲು ಎಷ್ಟಿತ್ತು, ಈಗ ಎಷ್ಟಿದೆ ಎಂಬ ಎರಡು ಅಂಕಿಗಳನ್ನೇ ಹೇಳುವುದು ಮೇಲು.

ಗುರುತಿಸುವುದು ಹೇಗೆ? ಏರಿಕೆ, ಇಳಿಕೆ, ಹೆಚ್ಚು, ಕಡಿಮೆ, ವ್ಯತ್ಯಾಸ ಎಂಬ ಮಾತುಗಳು ಬಂದಲ್ಲಿ ಅಂತರದ ಸುಳಿವಿದೆ. ಆದರೆ ಅದನ್ನಷ್ಟೇ ನಂಬಬೇಡಿ. "ತಾಪಮಾನ 5 ಡಿಗ್ರಿ ಇಳಿಯಿತು" ಎಂಬುದು ಅಂತರ, "ತಾಪಮಾನ 5 ಡಿಗ್ರಿಗೆ ಇಳಿಯಿತು" ಎಂಬುದು ಬಿಂದು. ಮೊದಲನೆಯದು ಫ್ಯಾರನ್‌ಹೀಟ್‌ನಲ್ಲಿ 9, ಎರಡನೆಯದು 41. ಬೇರೆ ಭಾಷೆಯ ವರದಿಯನ್ನು ಕನ್ನಡಕ್ಕೆ ತರುವವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಒಂದು ಅಕ್ಷರ ಹೆಚ್ಚುಕಡಿಮೆಯಾದರೆ ಸುದ್ದಿಯೇ ಬದಲಾಗುತ್ತದೆ.

7. ದಶಮಾಂಶ ಎಷ್ಟು ಇಡಬೇಕು

ಲೆಕ್ಕ ಮಾಡಿದಾಗ 176.666 ಎಂಬಂಥ ಉತ್ತರಗಳು ಬರುತ್ತವೆ. 350 ಫ್ಯಾರನ್‌ಹೀಟ್‌ಗೆ ಸರಿಯಾದ ಸೆಲ್ಸಿಯಸ್ ಅಂಕಿ ಅದೇ. ಆದರೆ ಓವನ್ನಿನ ಗುಂಡಿಯನ್ನು ಅಲ್ಲಿಗೆ ತಿರುಗಿಸಲು ಆಗುತ್ತದೆಯೇ? ಪಾಕಪುಸ್ತಕಗಳು ಇದನ್ನು 180 ಎಂದೇ ಬರೆಯುತ್ತವೆ, ಅದು ಸಮಂಜಸ. 400 ಫ್ಯಾರನ್‌ಹೀಟ್ ಲೆಕ್ಕಕ್ಕೆ 204 ಆದರೂ ಬಳಕೆಯಲ್ಲಿ 200. ಮೂಲದ ಅಂಕಿ ಎಷ್ಟು ಸ್ಥೂಲವಾಗಿದೆಯೋ ಉತ್ತರವೂ ಅಷ್ಟೇ ಸ್ಥೂಲವಾಗಿರಲಿ. "ಸುಮಾರು 100 ಫ್ಯಾರನ್‌ಹೀಟ್" ಎಂದಿದ್ದನ್ನು "ಸುಮಾರು 37.78 ಸೆಲ್ಸಿಯಸ್" ಎಂದು ಬರೆದರೆ ಇಲ್ಲದ ನಿಖರತೆಯನ್ನು ಹುಟ್ಟುಹಾಕಿದಂತೆ.

ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ 98.6. ಜರ್ಮನ್ ವೈದ್ಯ ಕಾರ್ಲ್ ವುಂಡರ್ಲಿಖ್ ರೋಗಿಗಳ ಮೈಬಿಸಿಯನ್ನು ದೊಡ್ಡ ಪ್ರಮಾಣದಲ್ಲಿ ಅಳೆದು 1868ರಲ್ಲಿ ಪ್ರಕಟಿಸಿದ ಗ್ರಂಥದಿಂದ 37 ಡಿಗ್ರಿ ಸೆಲ್ಸಿಯಸ್ ಎಂಬ ಅಂಕಿ ಪ್ರಚಾರಕ್ಕೆ ಬಂತು. ಅದನ್ನು ಫ್ಯಾರನ್‌ಹೀಟ್‌ಗೆ ಬದಲಿಸಿದಾಗ 98.6 ಆಯಿತು. ಆ ".6" ಯಾರೂ ಅಷ್ಟು ಸೂಕ್ಷ್ಮವಾಗಿ ಅಳೆದು ಕಂಡದ್ದಲ್ಲ, ಪರಿವರ್ತನೆಯಿಂದ ಬಂದದ್ದು. ಆರೋಗ್ಯವಂತರ ತಾಪಮಾನ ವ್ಯಕ್ತಿಯಿಂದ ವ್ಯಕ್ತಿಗೆ, ಬೆಳಿಗ್ಗೆಯಿಂದ ಸಂಜೆಗೆ ಬದಲಾಗುತ್ತಲೇ ಇರುತ್ತದೆ. 98.6ರ ಬದಲು 98.2 ಅಥವಾ 98.9 ಕಂಡರೆ ಚಿಂತಿಸುವ ಅಗತ್ಯವಿಲ್ಲ.

ಸುರಕ್ಷತೆಯ ಮಿತಿಗಳ ವಿಚಾರ ಮಾತ್ರ ಬೇರೆ. ಅನೇಕ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು. ಎರಡೂ ತುದಿಗಳನ್ನು ಬಿಂದುಗಳಂತೆ ಪರಿವರ್ತಿಸಿದರೆ 35.6ರಿಂದ 46.4 ಫ್ಯಾರನ್‌ಹೀಟ್. ಇದನ್ನು ಪೂರ್ಣಾಂಕಕ್ಕೆ ತರುವಾಗ ಕೆಳಗಿನ ಮಿತಿಯನ್ನು ಮೇಲಕ್ಕೆ, ಮೇಲಿನ ಮಿತಿಯನ್ನು ಕೆಳಕ್ಕೆ ಸರಿಸಿ: 36ರಿಂದ 46. ಕೆಳಗಿನದನ್ನು 35 ಎಂದು ಬರೆದುಬಿಟ್ಟರೆ ಮಿತಿಯೇ ಸಡಿಲವಾಗುತ್ತದೆ. ಹತ್ತಿರದ ಅಂಕಿ ಯಾವುದು ಎಂದು ನೋಡುವ ಮೊದಲು ಯಾವ ಕಡೆ ಅಪಾಯವಿದೆ ಎಂದು ನೋಡಿ.

8. ಕೆಲ್ವಿನ್

ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಜ್ಞಾನಿ, 1848ರಲ್ಲಿ ಮುಂದಿಟ್ಟ ವಿಚಾರದಿಂದ ಬೆಳೆದ ಅಳತೆ ಇದು. ಇದರ ಸೊನ್ನೆಗೆ ನಿರಪೇಕ್ಷ ಶೂನ್ಯ ಎಂದು ಹೆಸರು, ಅಂದರೆ ಅದಕ್ಕಿಂತ ತಂಪಾಗಲು ಸಾಧ್ಯವೇ ಇಲ್ಲದ ಮಟ್ಟ. ಸೆಲ್ಸಿಯಸ್‌ನಲ್ಲಿ ಅದು ಮೈನಸ್ 273.15. ಮೆಟ್ಟಿಲಿನ ಗಾತ್ರ ಸೆಲ್ಸಿಯಸ್‌ನದೇ ಆದ್ದರಿಂದ ಲೆಕ್ಕ ಬಹಳ ಹಗುರ: ಸೆಲ್ಸಿಯಸ್‌ಗೆ 273.15 ಕೂಡಿಸಿದರೆ ಕೆಲ್ವಿನ್, ಕೆಲ್ವಿನ್‌ನಿಂದ ಕಳೆದರೆ ಸೆಲ್ಸಿಯಸ್. 25 ಸೆಲ್ಸಿಯಸ್ ಎಂದರೆ 298.15 ಕೆಲ್ವಿನ್. ಅಂತರಗಳನ್ನು ಬದಲಿಸುವ ಅಗತ್ಯವೇ ಇಲ್ಲ, ಎರಡರಲ್ಲೂ ಒಂದೇ. ಫ್ಯಾರನ್‌ಹೀಟ್‌ನಿಂದ ಬರುವವರು ಮೊದಲು ಸೆಲ್ಸಿಯಸ್‌ಗೆ ಬಂದು, ಅಲ್ಲಿಂದ ಕೆಲ್ವಿನ್‌ಗೆ ಹೋಗಲಿ. ಬರೆಯುವಾಗ "298 ಕೆಲ್ವಿನ್" ಎಂದರೆ ಸಾಕು, ನಡುವೆ ಡಿಗ್ರಿ ಎಂಬ ಮಾತು ಬೇಡ. ಉತ್ತರ ಮೈನಸ್‌ನಲ್ಲಿ ಬಂದರೆ ಲೆಕ್ಕ ತಪ್ಪಿದೆ ಎಂದೇ ತಿಳಿಯಿರಿ.

ದಿನಬಳಕೆಯಲ್ಲಿ ಕೆಲ್ವಿನ್ ಕಾಣುವುದು ಬಲ್ಬಿನ ಡಬ್ಬಿಯ ಮೇಲೆ. 2700 ಎಂದಿದ್ದರೆ ಹಳದಿ ಛಾಯೆಯ ಬೆಳಕು, 6500 ಎಂದಿದ್ದರೆ ಹಗಲಿನಂಥ ನೀಲಿಬಿಳಿ ಬೆಳಕು. ಆ ತಾಪಮಾನಕ್ಕೆ ಕಾದ ವಸ್ತು ಸೂಸುವ ಬೆಳಕಿನ ಬಣ್ಣಕ್ಕೆ ಇದು ಹೋಲುತ್ತದೆ ಎಂದು ಅರ್ಥ. ಎಲ್‌ಇಡಿ ಬಲ್ಬು ಅಷ್ಟು ಕಾಯುವುದಿಲ್ಲ, ಹಾಗಾಗಿ ಅದನ್ನು ಸೆಲ್ಸಿಯಸ್‌ಗೆ ಬದಲಿಸಿ ಹೆದರಬೇಕಾಗಿಲ್ಲ.

"ನಿನ್ನೆ 10 ಡಿಗ್ರಿ, ಇವತ್ತು 20, ಬಿಸಿ ಇಮ್ಮಡಿಯಾಯಿತು" ಎಂದು ಹೇಳುವವರಿಗೆ ಉತ್ತರ ಕೊಡಲೂ ಕೆಲ್ವಿನ್ ಬೇಕು. ಅದೇ ಎರಡು ದಿನಗಳು ಫ್ಯಾರನ್‌ಹೀಟ್‌ನಲ್ಲಿ 50 ಮತ್ತು 68. ಅಲ್ಲಿ ಇಮ್ಮಡಿ ಎಲ್ಲಿದೆ? ಸೊನ್ನೆಯನ್ನು ಮನುಷ್ಯರು ತಮ್ಮ ಅನುಕೂಲಕ್ಕೆ ಇಟ್ಟ ಅಳತೆಗಳಲ್ಲಿ ಪಟ್ಟು ಹೇಳುವುದಕ್ಕೆ ಅರ್ಥವಿಲ್ಲ. ಕೆಲ್ವಿನ್‌ನಲ್ಲಿ ನೋಡಿದರೆ 283ರಿಂದ 293ಕ್ಕೆ, ಅಂದರೆ ನೂರಕ್ಕೆ ಮೂರೂವರೆಯಷ್ಟು ಮಾತ್ರ ಏರಿಕೆ.

ಹಳೆಯ ಪುಸ್ತಕಗಳಲ್ಲಿ ರೋಮರ್ ಎಂಬ ಅಳತೆ ಸಿಕ್ಕಿದರೆ, ಅದರಲ್ಲಿ ನೀರು 0ಗೆ ಹೆಪ್ಪುಗಟ್ಟಿ 80ಕ್ಕೆ ಕುದಿಯುತ್ತದೆ ಎಂದಿದ್ದರೆ, ಅದು ಫ್ರಾನ್ಸಿನ ರೆಯೋಮ್ಯೂರ್‌ನದು, 1.25ರಿಂದ ಗುಣಿಸಿದರೆ ಸೆಲ್ಸಿಯಸ್ ಸಿಗುತ್ತದೆ. ಡೆನ್ಮಾರ್ಕಿನ ರೋಮರ್‌ನ ಅಳತೆಯೇ ಬೇರೆ, ಅದರಲ್ಲಿ ನೀರು ಕುದಿಯುವುದು 60ಕ್ಕೆ.

9. ಅಂಕಿಯ ಪಕ್ಕದಲ್ಲಿ ಅಳತೆಯ ಹೆಸರೇ ಇಲ್ಲದಿದ್ದರೆ

ಬಹಳ ಸಲ ಸಂದರ್ಭವೇ ಹೇಳಿಬಿಡುತ್ತದೆ. ಜ್ವರದ ಥರ್ಮಾಮೀಟರಿನಲ್ಲಿ 35ರಿಂದ 42ರ ಒಳಗಿನ ಅಂಕಿ ಇದ್ದರೆ ಸೆಲ್ಸಿಯಸ್, 95ರಿಂದ 108ರ ಒಳಗಿದ್ದರೆ ಫ್ಯಾರನ್‌ಹೀಟ್. ಒಂದರ ವ್ಯಾಪ್ತಿ ಇನ್ನೊಂದರಲ್ಲಿ ಬೆರೆಯುವುದಿಲ್ಲ. ಹವೆಯ ವಿಚಾರದಲ್ಲಿ 40 ಎಂದರೆ ಸೆಲ್ಸಿಯಸ್‌ನಲ್ಲಿ ಬೇಗೆ, ಫ್ಯಾರನ್‌ಹೀಟ್‌ನಲ್ಲಿ ಚಳಿ. ಊರು ಮತ್ತು ತಿಂಗಳು ಗೊತ್ತಿದ್ದರೆ ಊಹೆ ಕಷ್ಟವಲ್ಲ. ಕಷ್ಟವಾಗುವುದು ಓವನ್ನಿನಲ್ಲಿ. 200 ಎಂಬುದು ಎರಡು ಅಳತೆಗಳಲ್ಲೂ ಇರಬಹುದಾದ ಅಂಕಿ: ಸೆಲ್ಸಿಯಸ್ ಆದರೆ 392 ಫ್ಯಾರನ್‌ಹೀಟ್, ಫ್ಯಾರನ್‌ಹೀಟ್ ಆದರೆ 93 ಸೆಲ್ಸಿಯಸ್, ಅಂದರೆ ನೀರೂ ಕುದಿಯದ ಬಿಸಿ. ಅದೇ ಪಾಕವಿಧಾನದಲ್ಲಿ ಅಳತೆಗಳು ಕಪ್ ಮತ್ತು ಔನ್ಸ್‌ಗಳಲ್ಲಿದ್ದರೆ ಫ್ಯಾರನ್‌ಹೀಟ್ ಇರುವ ಸಾಧ್ಯತೆ ಹೆಚ್ಚು, ಗ್ರಾಂಗಳಲ್ಲಿದ್ದರೆ ಸೆಲ್ಸಿಯಸ್. ಬೇಯುವ ಸಮಯವನ್ನೂ ನೋಡಿ. 200ರಲ್ಲಿ ಇಪ್ಪತ್ತೇ ನಿಮಿಷ ಎಂದಿದ್ದರೆ ಅದು ಖಂಡಿತ ಫ್ಯಾರನ್‌ಹೀಟ್ ಆಗಿರಲಾರದು.

10. ಜ್ವರ ನೋಡುವಾಗ

ಡಿಜಿಟಲ್ ಥರ್ಮಾಮೀಟರಿನ ಪರದೆಯ ಮೂಲೆಯಲ್ಲಿ ಅಳತೆಯ ಗುರುತು ಇರುತ್ತದೆ. ಹಲವು ಮಾದರಿಗಳಲ್ಲಿ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಅಳತೆ ಬದಲಾಗುತ್ತದೆ. ಎಂದಿನ ಅಂಕಿ ಬಿಟ್ಟು ಬೇರೇನೋ ಕಂಡರೆ ಗುಂಡಿ ಅಕಸ್ಮಾತ್ ಒತ್ತಿಹೋಗಿರಬಹುದು. ಈ ಪಟ್ಟಿಯನ್ನು ಬರೆದು ಔಷಧದ ಡಬ್ಬಿಯೊಳಗೆ ಅಂಟಿಸಿಡಿ, ಅಪರಾತ್ರಿಯಲ್ಲಿ ಲೆಕ್ಕ ಮಾಡುವ ಪಾಡು ತಪ್ಪುತ್ತದೆ:

36 – 96.8
37 – 98.6
37.5 – 99.5
38 – 100.4
38.5 – 101.3
39 – 102.2
39.5 – 103.1
40 – 104
41 – 105.8

ಸಾಮಾನ್ಯವಾಗಿ 38 ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್, ಮುಟ್ಟಿದರೆ ಜ್ವರ ಎನ್ನುತ್ತಾರೆ. ಮೂರು ತಿಂಗಳು ತುಂಬದ ಮಗುವಿಗೆ ಅಷ್ಟು ಬಂದರೆ ಕಾಯದೆ ವೈದ್ಯರನ್ನು ಕಾಣಬೇಕು.

ವೈದ್ಯರಿಗೆ ಫೋನ್ ಮಾಡುವಾಗ ಮಾತ್ರ ಈ ಲೇಖನದ ಲೆಕ್ಕಗಳನ್ನೆಲ್ಲ ಬದಿಗಿಡಿ. ಪರದೆಯ ಮೇಲೆ ಕಂಡ ಅಂಕಿಯನ್ನು ಇದ್ದಂತೆಯೇ ಓದಿ, ಅದು ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಎಂದು ಹೇಳಿ, ಬಾಯಲ್ಲಿ ನೋಡಿದ್ದೋ ಕಂಕುಳಲ್ಲಿ ನೋಡಿದ್ದೋ ಮತ್ತು ಎಷ್ಟು ಹೊತ್ತಿಗೆ ನೋಡಿದ್ದು ಎಂಬುದನ್ನು ಸೇರಿಸಿ. ಕಂಕುಳಿನ ಅಂಕಿ ಸಾಮಾನ್ಯವಾಗಿ ಬಾಯಿಯದಕ್ಕಿಂತ ಕಡಿಮೆ ಇರುತ್ತದೆ. ಅದಕ್ಕೆ ನೀವೇ ಇಷ್ಟು ಸೇರಿಸಿ ಹೇಳುವುದು ಬೇಡ, ಆ ಲೆಕ್ಕವನ್ನು ವೈದ್ಯರಿಗೇ ಬಿಡಿ.